ತಿರುಗಿ ಪಡೆಯದ ಹಿಡಿ ಅಕ್ಕಿ

ಮಾನ್ವಿ
೧೪ ಡಿಸೆಂಬರ್ ೨೦೨೪

ಪ್ರೀತಿಯ ಶೈಲಕ್ಕನಿಗೆ ಶಿವಗಂಗಾಳ ಶರಣು.

ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ‘ಅವ್ವ’ ಎಂದೊಡನೆ ಕಟ್ ಮಾಡುತ್ತೀ. ಕಾಗದವನ್ನು ಹರಿದು ಹಾಕಬೇಕೆಂದರೂ ಒಮ್ಮೆ ಒಡೆಯಲೇಬೇಕಲ್ಲ. ರಾಯಚೂರಿನಲ್ಲಿ ನಿನ್ನ ಬಸುರಿ ಮಗಳು ಹೇಗಿದ್ದಾಳೆ? ಕಾಲಿನ ಬಾವು ಇಳಿಯಿತೆ? ಇಲ್ಲಿ ಭತ್ತದ ಕೊಯ್ಲು ಮುಗಿದಿದೆ, ನಮ್ಮವರಿಗೆ ಪೋತ್ನಾಳದ ಗಿರಣಿ ಬಿಟ್ಟು ಬರಲು ಪುರಸೊತ್ತಿಲ್ಲ.

ದೇವದುರ್ಗದಲ್ಲಿ ಅವಳ ಸೀಮಂತದ ಕುಬುಸದ ದಿನ ಆದದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಉಡಿ ತುಂಬಿದವರಿಗೆ ಅದರಿಂದಲೇ ಒಂದು ಹಿಡಿ ಅಕ್ಕಿ ತಿರುಗಿ ಕೊಡುವುದು ನಮ್ಮ ಪದ್ಧತಿ. ನನ್ನವ್ವ ಬಸವಂತಮ್ಮ ಎಲ್ಲರಿಂದಲೂ ಸೆರಗೊಡ್ಡಿ ಪಡೆಯುತ್ತಾಳೆ, ನಿನ್ನಿಂದ ಮಾತ್ರ ಎಂದೂ ಇಲ್ಲ. ನಿನ್ನ ಚಿಕ್ಕವ್ವನ ಹುಚ್ಚು ಎಂದು ನಾವಿಬ್ಬರೂ ನಗುತ್ತಿದ್ದೆವು. ಅವತ್ತೂ ಮಗಳ ಜೊತೆ ನಿನ್ನ ಉಡಿಯನ್ನೂ ತುಂಬಿ ಕೈ ಹಿಂದಕ್ಕೆಳೆದುಕೊಂಡಳು. ನಿನ್ನವ್ವ, ನನ್ನ ದೊಡ್ಡವ್ವ, ತಡೆಯಲಾರದೆ, ‘ತಗೊ ಬೇ ಬಸವಂತಿ. ಅತ್ತಿ ಸತ್ತು ಹ್ವಾದ್ಲು, ಆಕಿ ಹಾಕಿದ ಆಣಿ ಇನ್ನ ಯಾಕ? ಹಡದಾಕಿ ನೀನು’ ಎಂದುಬಿಟ್ಟಳು. ನೀನು ಉಡಿಯನ್ನು ಅಲ್ಲೇ ಬಿಚ್ಚಿ ಸುರಿದು ಎದ್ದು ಹೋದೆ.

ಆಮೇಲೆ ಎಲ್ಲ ಕೇಳಿ ತಿಳಿದೆ. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲವೆಂದು ಅಜ್ಜಿ ನಿನ್ನನ್ನು ತೊಟ್ಟಿಲಿನಿಂದ ಎತ್ತಿ ಹಿರಿಯ ಸೊಸೆಯ ಉಡಿಗೆ ಹಾಕಿದಳಂತೆ. ‘ಕೊಟ್ಟ ಕೂಸಿನ ಕೈಯಿಂದ ಒಂದು ಕಾಳೂ ಇಸ್ಕೋಬ್ಯಾಡ. ಇಸ್ಕೊಂಡ್ರ ಕೂಸು ನಿನ್ನ ಕಡಿ ತಿರುಗ್ತದ’ ಎಂದು ಲಿಂಗ ಮುಟ್ಟಿಸಿ ಅವ್ವನಿಂದ ಆಣೆ ಮಾಡಿಸಿದಳಂತೆ. ಅವ್ವ ಅದನ್ನು ಉಳಿಸಿಕೊಂಡದ್ದು ಮಮತೆಯಿಲ್ಲದೆ ಅಲ್ಲ, ದೊಡ್ಡವ್ವನ ಮಡಿಲು ಬರಿದಾಗಬಾರದೆಂದು.

ಈಗ ಇಬ್ಬರೂ ನಮ್ಮ ಮನೆಯಲ್ಲಿದ್ದಾರೆ. ‘ನಾ ಬಾಯಿ ಬಿಟ್ಟು ಮಗಳನ್ನ ಕಳಕೊಂಡೆ’ ಎಂದು ದೊಡ್ಡವ್ವ ಅಳುತ್ತಾಳೆ. ‘ಸುಮ್ಮನ ಇಸ್ಕೊಂಡಿದ್ರ ಆಗ್ತಿತ್ತು’ ಎಂದು ಅವ್ವ. ಸಮಾಧಾನ ಮಾಡಿ ನನಗೆ ಸಾಕಾಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಬ್ಬರು ತಾಯಂದಿರಿರುವ ನೀನು ಎಂಥ ಪುಣ್ಯದ ಹೆಗ್ಗಣ. ಬಂದು ಹೋಗು. ಯಾರನ್ನು ಏನೆಂದು ಕರೆಯಬೇಕೆಂಬುದು ಆಮೇಲಿನ ಮಾತು.

ಮಗಳಿಗೆ ಸುಖವಾಗಿ ಹೆರಿಗೆಯಾಗಲಿ, ಬಸವಣ್ಣ ಕಾಯಲಿ.

ನಿನ್ನ ತಂಗಿ,
ಶಿವಗಂಗಾ

ತಾ.ಕ.: ಅವ್ವ ನನ್ನನ್ನು ಎತ್ತಿ ಮುದ್ದು ಮಾಡಿದ್ದು ನನಗೆ ನೆನಪಿಲ್ಲ. ಯಾಕೆಂದು ನಿನ್ನೆ ಕೇಳಿದೆ. ‘ನಿನ್ನೂ ಕೇಳ್ತಾರಂತ ಅಂಜಿಕಿ ಇತ್ತವ್ವಾ. ಹಚ್ಕೊಂಡಿದ್ರ ಹ್ಯಾಂಗ ಕೊಡಲಿ?’ ಎಂದಳು. ನನ್ನನ್ನು ಯಾರೂ ಕೇಳಲೇ ಇಲ್ಲ, ಅಕ್ಕಾ.