ಬೈಗುಳವೂ ಸಿಗದವಳು

ಮೂರನೇ ಕಡಲೇರಿಕೆಯ ನಲವತ್ತೊಂದನೇ ವರ್ಷ, ಮಾಗಿಯ ಮೂವತ್ತಮೂರನೇ ದಿನ
ತೇಲೂರು, ತದಡಿ ಅಳಿವೆ

ಹಿಂದಿನ ಕಾಲದವರೇ,

ನಿಮ್ಮ ಕನ್ನಡವನ್ನು ನಾನು ಪದಶಾಲೆಯಲ್ಲಿ ಓದಿ ಕಲಿತವಳು, ಆಡಿ ಬೆಳೆದವಳಲ್ಲ. ಮಾತು ಎಡವಿದರೆ ಸೈರಿಸಿಕೊಳ್ಳಿ.

ನನ್ನ ಹೆಸರು ಇರುವಂತಿ. ಸಿಹಿನೀರಿನ ತೂಬು ಕಾಯುವುದು ನನ್ನ ಮತ್ತು ಬೊಮ್ಮಣ್ಣನ ಕೆಲಸವಾಗಿತ್ತು. ಕಳೆದ ಬೇಸಿಗೆಯಲ್ಲಿ ಜ್ವರ ಹಿಡಿದ ಮಕ್ಕಳನ್ನು ಹೊತ್ತ ಪರವೂರಿನ ದೋಣಿಯೊಂದು ಬಂತು. ಅಪ್ಪಣೆಯಿಲ್ಲದೆ ತೂಬು ತೆರೆದೆವು. ಊರು ನಮಗೆ ‘ಮರೆ’ ವಿಧಿಸಿತು. ಮರೆಯಲ್ಲಿ ಹೊಡೆತವಿಲ್ಲ, ಸೆರೆಯಿಲ್ಲ. ಎಲ್ಲರ ಕಣ್ಣಿಗೂ ಅಂಟಿರುವ ತೆಳುಗಾಜು ನಮ್ಮನ್ನು ಅಳಿಸಿಬಿಡುತ್ತದೆ, ಕಿವಿಯ ಮಣಿ ನಮ್ಮ ದನಿಯನ್ನು ನುಂಗುತ್ತದೆ. ಪಾಚಿರೊಟ್ಟಿ ಮಾತ್ರ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬರುತ್ತದೆ. ಒಂದು ದಿನ ನಾನು ಕೂತಿದ್ದ ಚಾಪೆಯನ್ನೇ ಮಡಿಸಲು ನನ್ನ ಗಂಡ ಬಂದ. ಗಾಜು ತೆಗೆಯಲು ಒಂದು ಚಿಟಿಕೆ ಸಾಕು. ಅವನು ತೆಗೆಯಲಿಲ್ಲ. ಈ ಶಿಕ್ಷೆಯನ್ನು ನಮ್ಮವರು ದಯೆ ಎನ್ನುತ್ತಾರೆ.

ತಲೆ ಬೋಳಿಸಿ, ಮುಖಕ್ಕೆ ಸುಣ್ಣದ ಬೊಟ್ಟಿಟ್ಟು, ಕತ್ತೆಯ ಮೇಲೆ ಕೂರಿಸಿ ಮೆರೆಸಿದ ಹಳೆಯ ಕಾಲದ ಹೆಂಗಸರ ಕಥೆ ಓದಿದ್ದೇನೆ. ಅವರ ನೋವು ಸಣ್ಣದಲ್ಲ, ಬಲ್ಲೆ. ಆದರೂ ನನಗೆ ಹೊಟ್ಟೆಕಿಚ್ಚು. ಬೀದಿ ತುಂಬ ಜನ ಅವರನ್ನು ನೋಡಿದರು. ‘ಊರಾಚೆಯವಳು’ ಎಂದರು, ಆ ಮಾತಿನೊಳಗೂ ಊರು ಇದೆ. ‘ಕುಲಗೆಟ್ಟವಳು’ ಎಂದರೆ, ಕೆಡುವ ಮೊದಲು ಕುಲವೊಂದು ಇತ್ತೆಂದು ಒಪ್ಪಿದ ಹಾಗೆ. ನನ್ನಂಥವಳಿಗೆ ನಮ್ಮಲ್ಲಿ ಪದವೇ ಇಲ್ಲ.

ಅದಕ್ಕಿಂತ ಸುಡುವ ಹೊಟ್ಟೆಕಿಚ್ಚು ಬೊಮ್ಮಣ್ಣನ ಮೇಲೆ. ಮರೆಯಾದವರಿಗೆ ಗಾಜೂ ಮಣಿಯೂ ಇಲ್ಲ, ನಾವಿಬ್ಬರು ಒಬ್ಬರಿಗೊಬ್ಬರು ಕಾಣುತ್ತೇವೆ; ಆದರೆ ತೂಬು ತೆರೆಯೋಣ ಎಂದವಳು ನಾನೆಂಬ ಸಿಟ್ಟಿಗೆ ಅವನೂ ಮಾತು ಬಿಟ್ಟಿದ್ದ. ಒಂದು ಮುಂಜಾನೆ ಅವನ ಅಕ್ಕ ಸಾಂತವ್ವ ಗಾಜನ್ನೂ ಮಣಿಯನ್ನೂ ಕಿತ್ತು ನೀರಿಗೆಸೆದು ಅವನ ಜಗಲಿಗೆ ಬಂದಳು. ಹಾಗೆ ಮಾಡಿದವರಿಗೂ ಮರೆಯೇ ಶಿಕ್ಷೆ.

“ಬುದ್ಧಿ ಎಲ್ಲಿಟ್ಟಿದ್ದೆಯೋ, ಹಾಳಾದವನೆ? ಮೈಯಲ್ಲಿ ಬರೀ ಎಲುಬು,” ಎಂದು ಬೈಯುತ್ತಲೇ ಅವನ ನೆತ್ತಿಗೆ ಎಣ್ಣೆ ತಟ್ಟಿದಳು. ಬೊಮ್ಮಣ್ಣ ಬಿಕ್ಕಿದ. ನಾನು ಪಕ್ಕದಲ್ಲೇ ನಿಂತಿದ್ದೆ.

“ನನ್ನನ್ನೂ ಬೈಯಕ್ಕ,” ಎಂದೆ.

ಅವಳು ನನ್ನನ್ನು ದಿಟ್ಟಿಸಿದಳು. “ನಿನ್ನನ್ನು ಯಾಕೆ ಬೈಯಲಿ? ನೀನು ನನಗೆ ಏನಾಗಬೇಕು?”

ತಿಂಗಳುಗಳ ಮೇಲೆ ನನಗೆಂದೇ ಬಂದ ಮಾತು ಅದು. ಮಾರನೆಯ ದಿನವೂ ಆ ಜಗಲಿಗೆ ಹೋದೆ. ಅವಳು ಬಾಗಿಲು ಹಾಕಿಕೊಂಡಳು. ಹಾಕುವ ಮುನ್ನ ನನ್ನ ಮುಖ ನೋಡಿದಳು. ಅಷ್ಟಕ್ಕೇ ದಿನವೂ ಹೋಗುತ್ತೇನೆ.

ನನ್ನದೊಂದು ಬೇಡಿಕೆ. ಯಾರ ಜೊತೆಗಾದರೂ ನೀವು ಮಾತು ಬಿಟ್ಟಿದ್ದರೆ ಈ ದಿನವೇ ಹೋಗಿ. ಕ್ಷಮಿಸಬೇಕಿಲ್ಲ. ಎದುರು ನಿಂತು, ಹೆಸರು ಹಿಡಿದು, ನಾಲ್ಕು ಬೈದು ಬನ್ನಿ.

ಇರುವಂತಿ