ಗದ್ದದ ಕೆಳಗಿನ ಪಿನ್

ಮಾರ್ಚ್ 4, ಬೆಳಿಗ್ಗೆ

ಬಾಟಲಿ ಕುದಿಸಿದೆ. ಕುದಿಸಿದ್ದನ್ನೇ ಮತ್ತೆ ಕುದಿಸಿದೆನೋ ಏನೋ. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು ಇನ್ನೂ ಬಿಟ್ಟಿಲ್ಲ. ಬೆರಳಿಟ್ಟರೆ ಎಚ್ಚರವಾಗುತ್ತಾಳೆ. ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ.

ಮಗಳಿಗೆ ಐದು ತಿಂಗಳಾಯಿತು. ಅಮ್ಮ ಇನ್ನೂ ನೋಡಲು ಬಂದಿಲ್ಲ.

ಮಾರ್ಚ್ 5

ನಾನು ಹುಟ್ಟಿದ ವರ್ಷ ಅಮ್ಮ ಮುಸುಕು ತೆಗೆದಳು. ಅವಳ ಅತ್ತೆ-ಮಾವ ಸಾಯುವವರೆಗೂ ಅವಳ ಹತ್ತಿರ ಮಾತಾಡಲಿಲ್ಲವಂತೆ. ಆ ಬಟ್ಟೆಯನ್ನೇ ಕತ್ತರಿಸಿ ನನಗೆ ಫ್ರಾಕ್ ಹೊಲಿದಳು. ಮುಂದೆ ಓಣಿಗೆಲ್ಲ ಹೊಲಿಯುವ ಟೈಲರ್ ಆದಳು. ನಾನೋ — ಕಾಲೇಜಿನ ಕೊನೆಯ ವರ್ಷ ಸ್ಕಾರ್ಫ್ ಕಟ್ಟಿಕೊಂಡು ಮನೆಗೆ ಬಂದೆ. ಯಾರೂ ಹೇಳಿರಲಿಲ್ಲ. ಬೇಕೆನಿಸಿತು, ಅಷ್ಟೇ.

“ನಾನು ಕಿತ್ತೆಸೆದಿದ್ದನ್ನ ನೀನು ಹೆಕ್ಕಿಕೊಂಡು ಬಂದ್ಯಾ?”

“ತೆಗೆದಿದ್ದು ನಿನ್ನಿಷ್ಟ ಅಲ್ವೇನಮ್ಮ? ಹಾಕ್ಕೊಂಡಿದ್ದು ನನ್ನಿಷ್ಟ.”

ಅಂದಿನಿಂದ ಮಾತಿಲ್ಲ. ನಮ್ಮ ಯಜಮಾನರನ್ನು ಕೇಳಿದರೆ, “ನಿನ್ನಿಷ್ಟ ಕಣೇ.” ಸ್ಕಾರ್ಫಿಗೂ ಅದೇ, ಕಿಟಕಿಯ ಪರದೆಗೂ ಅದೇ. ಎಲ್ಲಕ್ಕೂ ನಿನ್ನಿಷ್ಟ ಅನ್ನುವವರು ಮನೆಯಲ್ಲಿದ್ದರೂ ಒಂದೇ...

ಮಾರ್ಚ್ 11, ಮಧ್ಯಾಹ್ನ

ಡಾಕ್ಟರ ಹತ್ತಿರ ಹೊರಟಿದ್ದೆ. ನಿದ್ದೆಗಣ್ಣು. ಗದ್ದದ ಕೆಳಗಿನ ಪಿನ್ ಸರಿಯಾಗಿ ಹಾಕಿರಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡೆ — ಕಿಟಾರನೆ ಕಿರುಚಿದಳು. ಕೆನ್ನೆಯ ಮೇಲೆ ಗೀರು. ಕಣ್ಣಿಗೆ ಒಂದೇ ಬೆರಳು ದೂರ.

ವೇಟಿಂಗ್ ರೂಮಿನಲ್ಲಿ ಪಕ್ಕದ ಹೆಂಗಸು, “ಇದಕ್ಕೇ ಇದೆಲ್ಲ ಬೇಡ ಅನ್ನೋದು.”

ಎದುರಿನವಳು, “ಅವಳೇನು ಮಾಡ್ತಾಳ್ರೀ ಪಾಪ, ಮನೇಲಿ ಹಾಕಿಸ್ತಾರೆ.”

ನನ್ನ ಪರವಾಗಿ ಇಬ್ಬರೂ ಮಾತಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ಹೊರಬಂದು ಅಮ್ಮನ ನಂಬರ್ ಒತ್ತಿದೆ. “ಅಮ್ಮಾ... ಮಗೂಗೆ ಪಿನ್ನು...” ಅಷ್ಟೇ ಬಂದದ್ದು. ಫೋನ್ ಇಟ್ಟುಬಿಟ್ಟಳು.

ಮಾರ್ಚ್ 12

ಇಡೀ ದಿನ ಕಿವಿ ಬಾಗಿಲಲ್ಲೇ. ಬರಲಿಲ್ಲ.

ಮಾರ್ಚ್ 14, ಸಂಜೆ

ಬಂದಳು. ಚಪ್ಪಲಿ ಬಿಡುವ ಮೊದಲೇ, “ಎಲ್ಲಿ, ಕೊಡಿಲ್ಲಿ.”

ಮಗುವನ್ನು ಚಾಚಿದೆ. ಎತ್ತಿಕೊಂಡಳು, ಗೀರು ಸವರಿದಳು, ಲೊಚಕ್ಕನೆ ಮುತ್ತಿಟ್ಟಳು. “ಇವಳನ್ನಲ್ವೇ, ಆ ಬಟ್ಟೆ.”

ಮಗುವನ್ನು ಇಸಿದುಕೊಂಡು ಸ್ಕಾರ್ಫ್ ಕೊಟ್ಟೆ. ಚೀಲದಿಂದ ಕತ್ತರಿ ತೆಗೆದಳು. ಫ್ರಾಕ್ ನೆನಪಾಯಿತು. ಕತ್ತರಿಸಿದ್ದು ಬರೀ ದಾರ. ಪಿನ್ ಚುಚ್ಚುವ ಜಾಗದಲ್ಲಿ ಒತ್ತಿದರೆ ಕೂಡಿಕೊಳ್ಳುವ ಟಿಚ್ ಬಟನ್ ಹೊಲಿದಳು, ತುಟಿ ಬಿಗಿದುಕೊಂಡು.

“ಒಪ್ಪಿದೀನಿ ಅಂತ ತಿಳ್ಕೋಬೇಡ. ಮಗೂಗೆ ಚುಚ್ಚಬಾರದು, ಅಷ್ಟೇ.”

“ಹ್ಞೂಂ.”

“ನಾಳೆ ಇವಳೂ ಏನೋ ಒಂದು ಸಿಗಿಸ್ಕೊಂಡು ಬಂದು ನಿಲ್ತಾಳೆ ನೋಡು. ಆಗ ಗೊತ್ತಾಗುತ್ತೆ ನಿಂಗೆ.”

ನಗು ಬಂತು. ನುಂಗಿಕೊಂಡೆ. ನೀರೂ ಕುಡಿಯದೆ ಎದ್ದಳು. ಹಾಕಿಕೊಂಡು ತೋರಿಸೋಣವೆಂದರೆ ಅಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಕನ್ನಡಿಯ ಮುಂದೆ ಹಾಕಿಕೊಂಡೆ. ಟಿಚ್. ಬಿಗಿಯಿಲ್ಲ, ಸಡಿಲವೂ ಇಲ್ಲ. ಅಳತೆ ತೆಗೆದುಕೊಳ್ಳಲೇ ಇಲ್ಲವಲ್ಲ ಅಮ್ಮ...

ಮಗಳು ಎದ್ದಳು. ಎತ್ತಿಕೊಂಡೆ. ಅಂಚು ಹಿಡಿದು ಎಳೆದಳು — ಬಿಚ್ಚಿಕೊಂಡಿತು. ಕೇಕೆ ಹಾಕಿದಳು. ಹಾಕಿದೆ. ಮತ್ತೆ ಎಳೆದಳು. ಮತ್ತೆ ಹಾಕಿದೆ.