ಎರಡು ಗ್ಯಾಸ್ಕೆಟ್

ಮಾರ್ಚ್ 3
ಬೆಳಗ್ಗೆಯಿಂದ ಇವರ ಚೈನ್‌ಸಾ ಬಿಚ್ಚಿಕೊಂಡು ಕೂತಿದ್ದೇನೆ. ಗಿರಾಕಿಗಳ ಮೆಷಿನ್‌ಗಳು ಮೂಲೆಯಲ್ಲಿ ಬಿದ್ದಿವೆ. ಬಿದ್ದಿರಲಿ. ರಿಪೇರಿ ಅಂಗಡಿ ನನ್ನದಾದರೂ ಅವಸರ ಗಂಡನದು. ಗುಡ್ಡದ ರಸ್ತೆ ಅಗಲ ಮಾಡುತ್ತಾರಂತೆ. ಕಡಿಯಬೇಕಾದದ್ದು ಇಬ್ಬರು ತಬ್ಬಿದರೂ ಸಾಲದ ಮರಗಳು. ಭಾನುವಾರ ಇವರಿಗೂ ಮರ ಕಡಿಯುವ ಬೋಳನಿಗೂ ಪಂದ್ಯ — ದಿಮ್ಮಿ ಮೊದಲು ತುಂಡು ಮಾಡಿದವನಿಗೆ ದೊಡ್ಡ ಮರಗಳ ಕೆಲಸ.

"ಗ್ಯಾಸ್ಕೆಟ್ ತೆಗೆದುಬಿಡು. ಬೋಳನೂ ತೆಗೆಸಿದ್ದಾನೆ."

"ಅವನು ಹಾಳುಬಾವಿಗೆ ಬಿದ್ದ ಅಂತ ನೀವೂ ಬೀಳ್ತೀರಾ?"

"ಅಳತೆ ನೋಡಿ ಮಾಡ್ತೀಯ ಅಂತ ತಾನೇ ನಿನ್ನ ಕೈಗೆ ಕೊಟ್ಟಿದ್ದು."

ಮಾತಿನಲ್ಲಿ ಬೆಣ್ಣೆ. ಸರಿ, ನೋಡಿದೆ. ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ತೂರಿಸಿ, ಫ್ಲೈವೀಲ್ ಒಂದು ಸುತ್ತು. ಪಿಸ್ಟನ್ ಮೇಲೆ ಬಂದು ತಂತಿಯನ್ನು ಅಪ್ಪಚ್ಚಿ ಮಾಡುತ್ತದೆ. ಅಪ್ಪಚ್ಚಿಯಾದ ತುದಿಯ ದಪ್ಪ ಎಷ್ಟೋ, ಪಿಸ್ಟನ್‌ಗೂ ಸಿಲಿಂಡರ್ ತಲೆಗೂ ನಡುವಿನ ಸಂದು ಅಷ್ಟು. 1.1 ಮಿ.ಮೀ. ಸಿಲಿಂಡರ್ ಬುಡಕ್ಕೆ ಹಾಕುವ ಗ್ಯಾಸ್ಕೆಟ್ ಹಾಳೆ ಅರ್ಧ ಮಿ.ಮೀ. ದಪ್ಪ. ತೆಗೆದರೆ 0.6. ಸಂದು ಕಿರಿದಾದಷ್ಟೂ ಜೋರು ಹೆಚ್ಚುತ್ತದೆ, ಇಷ್ಟಕ್ಕೆ ಪಿಸ್ಟನ್ ಬಡಿಯುವುದೂ ಇಲ್ಲ. ಆಗಬಹುದು.

ಮಾರ್ಚ್ 4
ಗ್ಯಾಸ್ಕೆಟ್ ತೆಗೆದೆ. ಮತ್ತೆ ಅಳೆಯಲು ಇವರನ್ನು ಕರೆದೆ. ತಂತಿ ನಾನು ಹಿಡಿದೆ, ಫ್ಲೈವೀಲ್ ಇವರು ತಿರುಗಿಸಿದರು. ಎರಡೂ ಬದಿ 0.6. ಇವರಿಗೆ ಖುಷಿಯೋ ಖುಷಿ.

ತಂತಿ ಅಳೆದ ಕ್ಯಾಲಿಪರ್ ಒರೆಸುವಾಗ ನೋಡಿದೆ — ರಕ್ತ. ಬೆಂಚಿನ ಮೇಲೂ. ಫ್ಲೈವೀಲ್ ರೆಕ್ಕೆ ಇವರ ಬೆರಳ ತುದಿ ಕೊಯ್ದಿತ್ತು. ಇವರು ಅದೇ ಕೈ ಬೀಸುತ್ತಾ ಬೋಳನ ಸುದ್ದಿ ಹೇಳುತ್ತಿದ್ದರು.

"ರೀ, ಕೈ."

ನೋಡಿಕೊಂಡರು. "ಏನಿಲ್ಲ ಬಿಡು."

"ನೋವಾಗ್ಲಿಲ್ವಾ?"

"ಬಿಡು ಅಂದ್ನಲ್ಲ."

ಬೆಳಗಿನ ಹೊತ್ತು ಬೆರಳು ಸುಣ್ಣದಂತೆ ಬಿಳುಚುವುದು ಗೊತ್ತಿತ್ತು. ಮೆಷಿನ್ ನಡುಕಕ್ಕೆ ನರ ಸಾಯುತ್ತಿದೆ, ಇನ್ನು ಮುಟ್ಟಬೇಡಿ ಅಂದಿದ್ದರು ಡಾಕ್ಟರ್. ಇವರು ನಕ್ಕು ಎದ್ದು ಬಂದಿದ್ದರು. ಇಷ್ಟು ದೂರ ಹೋಗಿದೆ ಅಂತ ಗೊತ್ತಿರಲಿಲ್ಲ. ಆ ಮರಗಳ ಕೆಳಗೆ, ಟ್ರಿಗರ್ ಒತ್ತಿದೆಯೋ ಬಿಟ್ಟಿದೆಯೋ ತಿಳಿಯದ ಬೆರಳು... ಭಯವಾಗುತ್ತಿದೆ.

ಮಾರ್ಚ್ 5
ಜಗಳ. ಬೋರ್ಗಲ್ಲ ಮೇಲೆ ಮಳೆ ಸುರಿದಂತೆ.

"ಮರ ಬಿಟ್ಟು ನಾನೇನು ಬಳೆ ತೊಟ್ಕೊಂಡು ಕೂತ್ಕೊಳ್ಲಾ?"

"ಕೂತ್ಕೊಳ್ಳಿ. ಬಳೆ ತೊಡೋಕಾದ್ರೂ ಕೈ ಇರ್ಬೇಕಲ್ಲ."

ಊಟ ಬಿಟ್ಟು ಎದ್ದು ಹೋದರು.

ಅದೇ ದಿನ, ಸಂಜೆ
ಇವರಿಲ್ಲದ ಹೊತ್ತಲ್ಲಿ ಮತ್ತೆ ಬಿಚ್ಚಿದೆ. ಒಂದಲ್ಲ, ಎರಡು ಗ್ಯಾಸ್ಕೆಟ್ ಹಾಕಿದೆ. 1.6. ಸದ್ದು ಅದೇ, ಸತ್ವ ಇಲ್ಲ. ಸೋತರೆ ದೊಡ್ಡ ಮರ ಬೋಳನ ಪಾಲು. ಇವರು ಬೈಯುತ್ತಾ ಮನೆಗೆ ಬರುತ್ತಾರೆ. ಬೈಯಲಿ.

ಬಂದು ಹಗ್ಗ ಎಳೆದು ನೋಡಿದರು. ಎಳೆತ ಸಡಿಲವಾಗಿದ್ದು ಕೈಗೆ ಗೊತ್ತಾಗಬೇಕಿತ್ತು. "ಏನ್ ಜೋರಿದೆ ಕಣೇ" ಅಂದರು. ಒಳಗೆ ಹೋಗಿ ಅತ್ತುಬಿಟ್ಟೆ.

ಮಾರ್ಚ್ 8
ಸೋತರು. ಬೋಳ ಮುಗಿಸಿ ನೀರು ಕುಡಿಯುತ್ತಿದ್ದಾಗ ಇವರದು ಇನ್ನೂ ಅರ್ಧವಂತೆ. ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದೆ. ಬೈಯಲಿಲ್ಲ. ಮೆಷಿನ್ ಬೆಂಚಿನ ಮೇಲಿಟ್ಟರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ನಿನ್ನ ಕೆಲಸದ ಮೇಲೆ ನಾನು ತಪ್ಪು ಹೊರಿಸಲ್ಲ. ನನ್ನ ಕೈಯೇ ಹೋಗಿದೆ."

ಇನ್ನು ಮರ ಮುಟ್ಟಲ್ಲ ಅಂತ ಎಲ್ಲರೆದುರು ಹೇಳಿ ಬಂದಿದ್ದಾರೆ. ಇದೇ ತಾನೇ ನನಗೆ ಬೇಕಿದ್ದದ್ದು. ನೆಲ ಡೊಂಕು ಮಾಡಿದವಳು ನಾನೇ.

ಮಾರ್ಚ್ 19
ಗೋಡೆ ನೋಡುತ್ತಾ ಕೂರುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ನಾನು ಹಾಕಲು ಹೋದರೆ ಕೈ ತಳ್ಳುತ್ತಾರೆ. ನಿಜ ಹೇಳಿದರೆ ನಾಳೆಯೇ ಮೆಷಿನ್ ಹೊತ್ತು ಗುಡ್ಡ ಹತ್ತುತ್ತಾರೆ. ಹೇಳದಿದ್ದರೆ ಹೀಗೇ... ಜೀವ ಇದೆಯಲ್ಲ, ಅಷ್ಟು ಸಾಕು ಅಂದುಕೊಳ್ಳುತ್ತೇನೆ.

ಮಾರ್ಚ್ 27, ಬೆಳಗ್ಗೆ
ಸ್ನಾನ ಮಾಡಿ ಬಂದು ಎದುರು ನಿಂತರು. "ಕೂತು ಕೂತು ಸಾಕಾಯ್ತು. ನಿನ್ನ ಕೆಲಸ ನಂಗೂ ಕಲಿಸ್ತೀಯಾ? ನಿಧಾನಕ್ಕಾದ್ರೆ ಸ್ಪ್ಯಾನರ್ ಹಿಡೀಬಹುದು ಕಣೇ." ಎಷ್ಟೋ ದಿನದ ಮೇಲೆ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು. ಹೂಂ ಅಂದೆ. ಟೀ ಇಡಲು ಒಳಗೆ ಬಂದೆ. ನೀರು ಕುದಿಯುವವರೆಗೆ ಇದನ್ನು ಬರೆಯುತ್ತಿದ್ದೇನೆ.

ಹೊರಗೆ ಸ್ಪ್ಯಾನರ್ ಸದ್ದು. ಆಗಲೇ ಶುರು ಮಾಡಿದ್ದಾರೆ.

"ಯಾವುದು ಬಿಚ್ತಿದ್ದೀರಿ?" ಕೂಗಿ ಕೇಳಿದೆ.

"ಬೇರೆಯವರದ್ದು ಹಾಳು ಮಾಡೋದು ಬೇಡ ಅಂತ ನಂದೇ ತಗೊಂಡೆ. ಮೂರು ಬೋಲ್ಟ್ ಬಂತು. ಸಿಲಿಂಡರ್ ಎತ್ತಿದ್ಮೇಲೆ ಕೆಳಗೆ ಏನ್ ನೋಡ್ಬೇಕು, ಹೇಳು."

ನಾಲ್ಕನೆಯದು, ಕೊನೆಯದು, ತಟ್ಟೆಗೆ ಬಿತ್ತು. ಒಂದೂ ಇರಬಾರದ ಜಾಗದಲ್ಲಿ ಎರಡು ಗ್ಯಾಸ್ಕೆಟ್ ಇವೆ. ಈಗ —